ನನ್ನ ತಲೆಯ ತಕರಾರು

ಬ್ಯೂಟಿಷಿಯನ್ ಕೋರ್ಸಿಗೆ ಸೇರುವಾಗ ಹತ್ತನೇ ಕ್ಲಾಸು ಪಾಸಾಗಿದೆಯೇ ಎಂದು ಕೇಳುತ್ತಾರೆ, ತಲೆ ಪಾಸಾಗಿದೆಯೇ ಎಂದು ಕೇಳುವುದಿಲ್ಲ. ಕೇಳಬೇಕು. ಈ ಓದಿನಲ್ಲಿ ಪುಸ್ತಕಕ್ಕಿಂತ ಹೆಚ್ಚು ಬಳಕೆಯಾಗುವುದು ಪಕ್ಕದವಳ ತಲೆ. ಹೇರ್ ವಾಷ್, ಸ್ಪಾ, ಡೈ ಎಲ್ಲವನ್ನೂ ನಾವು ಒಬ್ಬರ ಮೇಲೊಬ್ಬರು ಪ್ರಯೋಗಿಸಿಯೇ ಕಲಿಯುವುದು. ಉಳಿದವರ ತಲೆಗಳು ಏನು ಸುರಿದರೂ ಮಿಂಚುತ್ತವೆ. ನನ್ನದಕ್ಕೆ ಸಂಜೆಯೊಳಗೆ ಕೆರೆತ, ಮರುದಿನ ಕಿವಿಯ ಹಿಂದೆ ದದ್ದು. "ಹೇನಿರಬೇಕು ಕಣೇ" ಎಂದು ಗೆಳತಿಯರು ಪಿಸುಗುಟ್ಟಿ, ಕುರ್ಚಿಗಳನ್ನು ಸದ್ದಿಲ್ಲದೆ ಆಚೆಗೆ ಸರಿಸಿಕೊಂಡರು.

ತಲೆ ಕೆರೆದುಕೊಳ್ಳುವವಳಿಗೆ ಸಲಹೆಗೇನು ಬರ? ಸಾಗರದ ಅಜ್ಜಿಯದು ಫೋನಿನಲ್ಲೇ ತೀರ್ಪು: "ಆ ಸುಡುಗಾಡು ಬಾಟ್ಲಿ ಬಿಸಾಕು. ದಾಸವಾಳದ ಸೊಪ್ಪಿನ ಗೊಂಪು ಮಾಡ್ಕೊ." ಮಾಡಿಕೊಂಡೆ. ಗೊಂಪು ನನ್ನ ತಲೆಗೆ ಒಗ್ಗಿತು, ಇನ್‌ಸ್ಟಿಟ್ಯೂಟಿನ ಬೇಸಿನ್ನಿಗೆ ಒಗ್ಗಲಿಲ್ಲ. ಕಟ್ಟಿಕೊಂಡ ಪೈಪು ಬಿಡಿಸಲು ಬಂದ ಪ್ಲಂಬರ್ ಸೊಪ್ಪಿನ ಮುದ್ದೆಯನ್ನು ಎತ್ತಿ ಹಿಡಿದು, "ಇಲ್ಲಿ ಅಡುಗೆ ಕ್ಲಾಸೂ ಇದೆಯಾ ಮೇಡಂ?" ಎಂದ. ಅಲ್ಲಿಗೆ ಮೇಡಂ ನನ್ನನ್ನು ಚರ್ಮದ ಡಾಕ್ಟರ ಬಳಿ ಅಟ್ಟಿದರು.

ಡಾಕ್ಟರು ಬೆನ್ನ ತುಂಬ ಸಣ್ಣ ಬಿಲ್ಲೆಗಳ ಪಟ್ಟಿ ಅಂಟಿಸಿ, 48 ಗಂಟೆ ಬೆನ್ನಿಗೆ ನೀರು ಸೋಕಿಸಬೇಡ ಎಂದರು. ಪಟ್ಟಿ ಕಿತ್ತ ಮೇಲೆ ಕೆಂಪಾಗಿ ಎದ್ದು ನಿಂತವರು ಸಾಮಾನ್ಯರಲ್ಲ. ಅಮೆರಿಕದ ಚರ್ಮವೈದ್ಯರ ಸಂಘವೊಂದು ಪ್ರತಿವರ್ಷ 'ವರ್ಷದ ಅಲರ್ಜಿಕಾರಕ'ವನ್ನು ಆರಿಸುತ್ತದೆ, ನಮ್ಮ ರಾಜ್ಯೋತ್ಸವ ಪ್ರಶಸ್ತಿಯ ಹಾಗೆ, ಆದರೆ ಶಿಫಾರಸು ಪತ್ರದ ಓಡಾಟವಿಲ್ಲದೆ. ಶಾಂಪೂವಿಗೆ ನೊರೆ ತರುವ ಕೊಕಾಮಿಡೊಪ್ರೊಪೈಲ್ ಬೀಟೈನ್ 2004ರ ಪುರಸ್ಕೃತ. ಹೇರ್ ಡೈಯ ಪಿಪಿಡಿ 2006ರದು. ಶಾಂಪೂ ಕೆಡದಂತೆ ಕಾಯುವ ಮೀಥೈಲ್‌ಐಸೊಥಯಾಜೊಲಿನೋನ್ 2013ರದು. ಮೂವರೂ ನನ್ನ ಬೆನ್ನ ಮೇಲೆ ಹಾಜರ್. ಮೊದಲನೆಯದನ್ನು ತೆಂಗಿನೆಣ್ಣೆಯಿಂದ ಮಾಡುತ್ತಾರೆಂದು ಕೇಳಿ ಅಜ್ಜಿ ನೊಂದುಕೊಂಡಳು. ತಯಾರಿಕೆಯಲ್ಲಿ ಉಳಿದುಬಿಡುವ ಕಲ್ಮಶದ ಕಾಟ ಅದು, ತೆಂಗಿನದೇನೂ ತಪ್ಪಿಲ್ಲ ಎಂದ ಮೇಲೆ ಸಮಾಧಾನವಾಯಿತು.

ಅಂದಿನಿಂದ ನಾನು ಬಾಟಲಿಯ ಬೆನ್ನು ಓದುವವಳಾದೆ. ಮುಂದೆ ಅಂಗೈಯಗಲ ಲೋಳೆಸರದ ಚಿತ್ರ, ಹಿಂದೆ ಇರುವೆಸಾಲಿನಂಥ ಅಕ್ಷರಗಳ ಕೊನೆಯಲ್ಲೆಲ್ಲೋ ಅದರ ಹೆಸರು. 'ಪರ್ಫ್ಯೂಮ್' ಎಂಬ ಒಂದೇ ಪದದ ಹಿಂದೆ ಹತ್ತಾರು ಪರಿಮಳದ್ರವ್ಯಗಳು ಅಡಗಿ ಕೂತಿರಬಹುದು. ಕಪ್ಪು ಮೆಹಂದಿಯದು ಇನ್ನೂ ದೊಡ್ಡ ನಾಟಕ. ಗೋರಂಟಿಯಲ್ಲಿರುವ ಲಾಸೋನ್ ಕೊಡುವುದು ಕೇಸರಿಗೆಂಪು ಮಾತ್ರ. ಪೊಟ್ಟಣದ ಮೇಲೆ ಎಷ್ಟೇ ಎಲೆ ಬಿಡಿಸಿದ್ದರೂ, ಹಚ್ಚಿದ ಅರ್ಧ ಗಂಟೆಯಲ್ಲಿ ಕೂದಲು ಕಾಡಿಗೆಯ ಬಣ್ಣಕ್ಕೆ ತಿರುಗಿತೆಂದರೆ ಒಳಗೆ ಸಾಮಾನ್ಯವಾಗಿ ಪಿಪಿಡಿಯೇ ಇರುತ್ತದೆ. ಎಲೆಯ ಚಿತ್ರ ನೋಡಿ ನಂಬುವುದು ಕಣ್ಣು. ಚರ್ಮ ಚಿತ್ರ ನೋಡುವುದಿಲ್ಲ.

ಒಂದೊಂದೇ ಬಾಟಲಿ ಎತ್ತಿ ಓದುತ್ತಿದ್ದ ನನಗೆ ಅಂಗಡಿಯವನು, "ಲೈಬ್ರರಿ ಮುಂದಿನ ಕ್ರಾಸಲ್ಲಿದೆ ಮೇಡಂ" ಎಂದ. ಆದರೂ ಬಿಡದೆ ಓದಿ, ಕೊನೆಗೆ ಒಂದನ್ನು ಪತ್ತೆಮಾಡಿದೆ. ಅದಕ್ಕೆ ಪರಿಮಳವಿಲ್ಲ, ಬಣ್ಣವಿಲ್ಲ, ನೊರೆಯೂ ಅಷ್ಟಕ್ಕಷ್ಟೆ. ಬೆಲೆ ಮಾತ್ರ ಇದೆ. ತಲೆ ತಣ್ಣಗಾಯಿತು.

ಈಗ ಇನ್‌ಸ್ಟಿಟ್ಯೂಟಿಗೆ ಹೊಸ ಬಾಟಲಿ ಬಂದರೆ ಮೊದಲು ನನ್ನ ಕೈಗೆ ಕೊಡುತ್ತಾರೆ. ಡೈ ಹಾಕಿಸಿಕೊಳ್ಳಲು ಬರುವವರಿಗೆ ಪ್ಯಾಚ್ ಟೆಸ್ಟಿನ ಮಹಿಮೆ ಹೇಳುವ ಕೆಲಸವೂ ನನ್ನದೇ: ಕಿವಿಯ ಹಿಂದೆ ಒಂದು ಚುಕ್ಕೆ ಹಚ್ಚಬೇಕು, 48 ಗಂಟೆ ಕಾಯಬೇಕು. ಆದರೆ ಡೈಗೆ ಬರುವವರೆಲ್ಲ ಬರುವುದು ನಾಳೆ ಮುಹೂರ್ತ ಇಟ್ಟುಕೊಂಡೇ. ಮೊನ್ನೆ ಬಂದ ಮದುಮಗಳ ತಾಯಿಯೂ ಹಾಗೆಯೇ. ಜಾತಕ ಹೊಂದಿಸಲು ತಿಂಗಳುಗಟ್ಟಲೆ ತಿರುಗಿದವರು, ಸೀರೆಗೆಂದು ಚಿಕ್ಕಪೇಟೆಯ ಮೆಟ್ಟಿಲು ಸವೆಸಿದವರು. ಎರಡು ದಿನ ಎಂದ ಕೂಡಲೇ ಅವರ ಮುಖ ಗಂಟಾಯಿತು.

"ಆ ಚುಕ್ಕೆ ಫೋಟೋದಲ್ಲಿ ಕಾಣುತ್ತೇನಮ್ಮ?"

"ಇಲ್ಲ ಆಂಟಿ, ಕಿವಿ ಹಿಂದೆ ಅಲ್ವಾ."

"ಕಾಣದೇ ಇರೋ ಜಾಗಕ್ಕೆ ಬಣ್ಣ ಯಾಕೆ ದಂಡ? ನೆತ್ತಿಗೇ ಹಚ್ಚಿಬಿಡು."