ಹಳೇ ಕಾರಿಗೆ ಹೊಸ ಸ್ಟೀರಿಯೋ: ಕಟ್ಟಾಯ ಹೋಬಳಿಗೆ ಮಾತ್ರ ಅನ್ವಯಿಸುವ ಕೈಪಿಡಿ

ಈ ಕೈಪಿಡಿ ಎಲ್ಲರಿಗಲ್ಲ. ನಿಮ್ಮದು ಮಾರುತಿ 800 ಆಗಿರಬೇಕು. ಕಂಪನಿಯವರು 2014ರಲ್ಲೇ ತಯಾರಿಸುವುದನ್ನು ನಿಲ್ಲಿಸಿದರು. ನೀವು ಓಡಿಸುವುದನ್ನು ನಿಲ್ಲಿಸಿರಬಾರದು. ಮ್ಯಾಟಿನ ಕೆಳಗೆ ಹೋದ ಮುಂಗಾರಿನ ಆಲೂಗಡ್ಡೆ ಬಿತ್ತನೆಯ ಮಣ್ಣು, ಡಿಕ್ಕಿಯಲ್ಲಿ ಶುಂಠಿ ವಾಸನೆ, ಡ್ಯಾಶ್‌ಬೋರ್ಡಿನ ನಡುವೆ ಒಂದು ಕ್ಯಾಸೆಟ್ ಸ್ಟೀರಿಯೋ ಇರಬೇಕು. ಹಾಸನಾಂಬೆ ಗುಡಿಯ ಬಾಗಿಲು ವರ್ಷಕ್ಕೊಮ್ಮೆಯಾದರೂ ತೆರೆಯುತ್ತದೆ. ಈ ಕ್ಯಾಸೆಟ್ಟಿನ ಬಾಗಿಲು ತೆರೆದದ್ದನ್ನು ನಿಮ್ಮ ಮಕ್ಕಳು ಕಂಡಿರಬಾರದು. ಒಳಗೆ ಸಿಕ್ಕಿಕೊಂಡಿರುವುದು ‘ನಿತ್ಯೋತ್ಸವ’ವೋ ‘ಪ್ರೇಮಲೋಕ’ವೋ ಎಂಬುದರಲ್ಲಿ ಮನೆಯೊಳಗೆ ಎರಡು ಪಕ್ಷಗಳಿದ್ದರೆ ನೀವು ಪೂರ್ತಿ ಅರ್ಹರು. ಮುಂದೆ ಓದಿ.

ಬೇಕಾದ ಸಾಮಾನು: 10 ನಂಬರ್ ಸ್ಪ್ಯಾನರ್, ಸ್ಟಾರ್ ಸ್ಕ್ರೂಡ್ರೈವರ್, ಇನ್ಸುಲೇಷನ್ ಟೇಪು, ಹ್ಯಾಕ್ಸಾ ಬ್ಲೇಡಿನ ಎರಡು ತುಂಡು, ಒಂದು ಟೆಸ್ಟ್ ಲ್ಯಾಂಪ್. ಹಳೇ ಇಂಡಿಕೇಟರ್ ಬಲ್ಬಿಗೆ ಎರಡು ವೈರು ಕಟ್ಟಿದರೆ ಟೆಸ್ಟ್ ಲ್ಯಾಂಪ್ ಆಯಿತು. ಸಲಹೆಗಾರರನ್ನು ಪಟ್ಟಿಗೆ ಸೇರಿಸಿಲ್ಲ. ಡಬ್ಬದೊಳಗಿನ ಪುಸ್ತಕ ಬರೆದವನ ಕಲ್ಪನೆಯಲ್ಲಿ ಒಬ್ಬನೇ ಮನುಷ್ಯ ಷೆಡ್ಡಿನ ಬಾಗಿಲು ಹಾಕಿಕೊಂಡು ಕೆಲಸ ಮಾಡುತ್ತಾನೆ. ನಿಮ್ಮ ಕಾರು ನಿಂತಿರುವುದು ರಸ್ತೆ ಪಕ್ಕದ ಹೊಂಗೆ ಮರದ ಕೆಳಗೆ. ಬಾನೆಟ್ ಎತ್ತಿದ ಕಾರನ್ನು ಕಂಡೂ ಸುಮ್ಮನೆ ದಾಟಿಹೋಗುವ ಗಂಡಸು ಈ ಹೋಬಳಿಯಲ್ಲಿ ಇನ್ನೂ ಹುಟ್ಟಿಲ್ಲ. ಅವರು ತಾವಾಗಿಯೇ ಬರುತ್ತಾರೆ.

ಕೊಳ್ಳುವಾಗ ಒಂದು ಎಚ್ಚರ. ಬೆಂಗಳೂರಿಗೆ ಹೋದ ಭಾಮೈದ ‘ಒರಿಜಿನಲ್ ಜಪಾನ್ ಮಾಲು’ ಎಂದು ಯಾವುದೋ ಕಾರಿನಿಂದ ಬಿಚ್ಚಿದ ಸೆಟ್ಟು ತಂದರೆ ಕಾಫಿ ಕೊಟ್ಟು ವಾಪಸ್ ಕಳಿಸಿ. ಜಪಾನಿನ ಪೇಟೆಗೆಂದೇ ಮಾಡಿದ ಹಳೇ ಸೆಟ್ಟುಗಳಲ್ಲಿ ಎಫ್‌ಎಂ 76ಕ್ಕೆ ಶುರುವಾಗಿ 90 ಮೆಗಾಹರ್ಟ್ಸ್‌ಗೆ ಮುಗಿಯುತ್ತದೆ. ಹಾಸನ ಆಕಾಶವಾಣಿ ಇರುವುದು 102.2ರಲ್ಲಿ. ಟೋಕಿಯೊದ ಹವಾಮಾನ ಹೇಳಬಲ್ಲ ಆ ಯಂತ್ರಕ್ಕೆ ನಿಮ್ಮ ಕೃಷಿ ಕಾರ್ಯಕ್ರಮ ಕೇಳಿಸುವುದೇ ಇಲ್ಲ. ಕಂಪನಾಂಕ ಇಳಿಸಿಕೊಡುವ ‘ಬ್ಯಾಂಡ್ ಎಕ್ಸ್‌ಪ್ಯಾಂಡರ್’ ಎಂಬ ಡಬ್ಬಿ ಸಿಗುತ್ತದೆ, ನಿಜ. ಆದರೆ ಅದನ್ನು ಹಾಕಿದ ಮೇಲೆ ಪರದೆಯಲ್ಲಿ ಕಾಣುವ ಅಂಕಿಗೂ ಕಿವಿಗೆ ಬರುವ ನಿಲಯಕ್ಕೂ ಸಂಬಂಧ ಇರುವುದಿಲ್ಲ. ಅಪ್ಪನಿಗೆ ಅದನ್ನು ವಿವರಿಸುವ ಕೆಲಸ ಭಾಮೈದನಿಗೇ ಇರಲಿ.

ಡಬ್ಬದ ಮೇಲಿನ ‘50 ವ್ಯಾಟ್ x 4’ ಎಂಬುದನ್ನು ಭಕ್ತಿಯಿಂದ ಓದಿ, ಆಮೇಲೆ ಸೆಟ್ಟಿನ ಬೆನ್ನು ತಿರುಗಿಸಿ ಫ್ಯೂಸ್ ನೋಡಿ. ಸಾಮಾನ್ಯವಾಗಿ 10 ಆಂಪಿಯರ್ ಇರುತ್ತದೆ. ಇಂಜಿನ್ ಓಡುವಾಗ ಸಿಗುವುದು ಸುಮಾರು 14 ವೋಲ್ಟ್. ಗುಣಿಸಿದರೆ 140 ವ್ಯಾಟ್. ಒಳಗೆ ಹೋಗುವುದೇ 140 ಆದರೆ ಹೊರಗೆ 200 ಬರುವುದು ಯಾವ ಲೆಕ್ಕ? ಒಂದೊಂದು ಸ್ಪೀಕರಿಗೆ ಸ್ವಚ್ಛವಾಗಿ ಸಿಗುವುದು ಇಪ್ಪತ್ತರ ಆಸುಪಾಸು, ಅದೇ ಸಾಕಷ್ಟು ಜೋರು. 1935ರಲ್ಲಿ ಮೈಸೂರಿನಲ್ಲಿ ಡಾ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ‘ಆಕಾಶವಾಣಿ’ ಆರಂಭಿಸಿದಾಗ ಇಡೀ ಪ್ರಸಾರ ಯಂತ್ರದ ಬಲ 30 ವ್ಯಾಟ್. ಪ್ರಸಾರ ಯಂತ್ರವೂ ಸ್ಪೀಕರೂ ಒಂದೇ ಅಲ್ಲ ಎಂದು ತಕರಾರು ತೆಗೆಯುವವರು ಸಲಹೆಗಾರರ ಸಾಲಿಗೆ ಹೋಗಿ ನಿಲ್ಲಬಹುದು.

ಕೆಲಸ ಶುರು. ಬ್ಯಾಟರಿಯ ಮೈನಸ್ ಮೊದಲು ಬಿಚ್ಚಿ. ಕಾರಿನ ಬಾಡಿಯೇ ಮೈನಸ್. ಅದನ್ನು ಬಿಚ್ಚದೆ ಪ್ಲಸ್ಸಿಗೆ ಸ್ಪ್ಯಾನರ್ ಹಾಕಿದರೆ, ಸ್ಪ್ಯಾನರಿನ ಇನ್ನೊಂದು ತುದಿ ಬಾಡಿಗೆ ತಾಗಿದ ಕ್ಷಣ ಬೆಳಕಿನ ಹಬ್ಬ. ಆಮೇಲೆ ಸೆಟ್ಟಿನ ಎರಡು ಪಕ್ಕಕ್ಕೆ ಬ್ಲೇಡಿನ ತುಂಡು ತೂರಿಸಿ, ಕ್ಲಿಪ್ ಒತ್ತಿ, ಎಳೆಯಿರಿ. ಕಿಂಡಿ 180 ಮಿಲಿಮೀಟರ್ ಅಗಲ, 50 ಮಿಲಿಮೀಟರ್ ಎತ್ತರ. ಇದು ಜರ್ಮನಿಯವರು ನಿಗದಿ ಮಾಡಿದ ಅಳತೆ, ಈಗ ಲೋಕಕ್ಕೆಲ್ಲ ಅದೇ. ಮಗ ಹಟ ಹಿಡಿದಿರುವ ದೊಡ್ಡ ಪರದೆಯ ಸೆಟ್ಟಿಗೆ 100 ಮಿಲಿಮೀಟರ್ ಎತ್ತರ ಬೇಕು. ಮಗನ ಜತೆ ಈ ಮಾತುಕತೆಯನ್ನು ಡ್ಯಾಶ್‌ಬೋರ್ಡಿಗೆ ಗರಗಸ ಹಾಕುವ ಮೊದಲೇ ಮುಗಿಸಿಕೊಳ್ಳಿ.

ಈಗ ವೈರುಗಳು. ಹೊಸ ಸೆಟ್ಟಿನಲ್ಲಿ ಹಳದಿ ಎಂದರೆ ಬ್ಯಾಟರಿಯಿಂದ ಸದಾ ಬರುವ ಕರೆಂಟು, ಕೆಂಪು ಎಂದರೆ ಕೀ ತಿರುಗಿಸಿದಾಗ ಬರುವುದು, ಕಪ್ಪು ಎಂದರೆ ಅರ್ತ್. ಕಾರಿನ ಕಡೆಯ ಬಣ್ಣಗಳನ್ನು ನಂಬಬೇಡಿ. ಹಿಂದಿನ ಮೂವರು ಮಾಲೀಕರ ಮೆಕ್ಯಾನಿಕ್‌ಗಳು ಅಲ್ಲಿ ಕೈಗೆ ಸಿಕ್ಕ ಬಣ್ಣ ಸೇರಿಸಿದ್ದಾರೆ. ಒಬ್ಬರು ಪಂಪ್‌ಸೆಟ್ ವೈರನ್ನೂ ಬಿಟ್ಟಿಲ್ಲ. ಬ್ಯಾಟರಿ ಮತ್ತೆ ಜೋಡಿಸಿ, ಲ್ಯಾಂಪಿನ ಒಂದು ತುದಿ ಬಾಡಿಗೆ ಹಿಡಿದು ಒಂದೊಂದನ್ನೇ ಮುಟ್ಟಿ ನೋಡಿ. ಕೀ ಇಲ್ಲದೆಯೂ ಉರಿದರೆ ಅದು ಹಳದಿಗೆ, ಕೀ ಹಾಕಿದ ಮೇಲೆ ಉರಿದರೆ ಕೆಂಪಿಗೆ. ಗುರುತು ಮಾಡಿ, ಮೈನಸ್ ತೆಗೆದು, ಆಮೇಲೆ ಜೋಡಿಸಿ. ಹಳದಿ ಕೆಂಪು ಅದಲು ಬದಲಾದರೆ ಪ್ರತಿ ಸಲ ಕೀ ತೆಗೆದಾಗಲೂ ಸೆಟ್ಟು ಗಡಿಯಾರವನ್ನೂ ನಿಲಯವನ್ನೂ ಮರೆಯುತ್ತದೆ. ಎರಡನ್ನೂ ಬ್ಯಾಟರಿಗೇ ಕೊಟ್ಟು ಸೆಟ್ಟು ಆರಿಸುವುದನ್ನು ಮರೆತರೆ ಬೆಳಿಗ್ಗೆ ಕಾರು ತಳ್ಳಬೇಕಾಗುತ್ತದೆ. ಆ ಹೊತ್ತಿಗೆ ಸಲಹೆಗಾರರಲ್ಲಿ ಒಬ್ಬರೂ ಊರಲ್ಲಿರುವುದಿಲ್ಲ.

ಸಲಹೆಗಾರರಲ್ಲಿ ಹುಡುಗರಿಗೆ ಹೆದರಬೇಡಿ, ಅವರು ಫೋನಿನಲ್ಲಿ ವಿಡಿಯೊ ನೋಡುತ್ತಿರುತ್ತಾರೆ. ಹೆದರಬೇಕಾದ್ದು ನಿವೃತ್ತ ಲಾರಿ ಡ್ರೈವರಿಗೆ. ಬೀಡಿ ಹಚ್ಚಿ ಅವರು ಹೇಳುವ ಮಾತು ಒಂದೇ: ‘ಅಯ್ಯೋ, ಅಷ್ಟೊಂದ್ ವೈರ್ ಯಾಕ್ಲಾ? ಸ್ಪೀಕರ್ ಮೈನಸ್ಸೆಲ್ಲಾ ಬಾಡಿಗ್ ಹೊಡಿ.’ ಈ ಸಲಹೆ ಸುಳ್ಳಲ್ಲ, ಅದೇ ಅಪಾಯ. ಅವರು ಲಾರಿ ಓಡಿಸುತ್ತಿದ್ದ ಕಾಲದ ಎಷ್ಟೋ ಸೆಟ್ಟುಗಳಲ್ಲಿ ಸ್ಪೀಕರಿನ ಒಂದು ಕಡೆ ಬಾಡಿಗೇ ಸೇರಿರುತ್ತಿತ್ತು, ಹಾಡೂ ಚೆನ್ನಾಗಿ ಬರುತ್ತಿತ್ತು. ಈಗಿನ ಸೆಟ್ಟಿನೊಳಗಿನ ಆಂಪ್ಲಿಫೈಯರ್ ಸ್ಪೀಕರಿನ ಎರಡೂ ತುದಿಗಳನ್ನು ಒಂದರ ವಿರುದ್ಧ ಒಂದು ತಳ್ಳುತ್ತದೆ. ಹಾಡಿಲ್ಲದಾಗಲೂ ಎರಡರಲ್ಲೂ ಬ್ಯಾಟರಿಯ ಅರ್ಧದಷ್ಟು ವೋಲ್ಟೇಜ್ ನಿಂತಿರುತ್ತದೆ. ಅದರಲ್ಲೊಂದನ್ನು ಬಾಡಿಗೆ ಹೊಡೆದರೆ ಒಳ್ಳೆಯ ಚಿಪ್ಪಾದರೆ ಮುನಿಸಿಕೊಂಡು ಸುಮ್ಮನಾಗುತ್ತದೆ, ಅಗ್ಗದ್ದಾದರೆ ಹೊಗೆ. ಆದ್ದರಿಂದ ಪ್ರತಿ ಸ್ಪೀಕರಿಗೂ ಎರಡೆರಡು ವೈರು ಬೇರೆ ಬೇರೆ ಎಳೆಯಿರಿ. ಬಿಳಿ ಮುಂದಿನ ಎಡಕ್ಕೆ, ಬೂದು ಮುಂದಿನ ಬಲಕ್ಕೆ, ಹಸಿರು ಹಿಂದಿನ ಎಡಕ್ಕೆ, ನೇರಳೆ ಹಿಂದಿನ ಬಲಕ್ಕೆ. ಕಪ್ಪು ಗೆರೆಯದು ಅದರದರ ಮೈನಸ್. ಹಿರಿಯರಿಗೆ ಎದುರಾಡಬೇಡಿ. ‘ಆಗಲಿ ಅಣ್ಣ’ ಎಂದು ಒಂದು ಟೀ ತರಿಸಿ, ಅವರು ಊದಿ ಕುಡಿಯುವಷ್ಟರಲ್ಲಿ ಟೇಪು ಸುತ್ತಿಬಿಡಿ.

ಆಂಟೆನಾದ ಪ್ಲಗ್ ಸಿಕ್ಕಿಸಿ, ಕಡ್ಡಿಯನ್ನು ಪೂರ್ತಿ ಎಳೆಯಿರಿ. 102.2ರ ತರಂಗದ ಕಾಲು ಭಾಗ ಸುಮಾರು 73 ಸೆಂಟಿಮೀಟರ್. ಕಡ್ಡಿ ಅಷ್ಟುದ್ದ ನಿಂತರೆ ಹಾಸನ ತಾನಾಗಿ ಬರುತ್ತದೆ. ಮಕ್ಕಳು ಮುರಿದ ಕಡ್ಡಿಯ ಜಾಗಕ್ಕೆ ಸೈಕಲ್ ಕಡ್ಡಿ ಸಿಕ್ಕಿಸುವ ಪದ್ಧತಿಗೆ ನಮ್ಮ ವಿರೋಧವಿಲ್ಲ.

ಪರೀಕ್ಷೆಗೆ ಗೊರೂರಿನ ಹೇಮಾವತಿ ಅಣೆಕಟ್ಟೆ ದಾಟಿ ಶೆಟ್ಟಿಹಳ್ಳಿಯ ಮುಳುಗು ಚರ್ಚಿನವರೆಗೆ ಹೋಗಿ ಬನ್ನಿ. ಇಂಜಿನ್ ರೇಸ್ ಮಾಡಿದಂತೆಲ್ಲ ಸ್ಪೀಕರಿನಲ್ಲಿ ‘ಕುಯ್ಯ್’ ಎಂಬ ಸದ್ದು ಏರಿದರೆ ಅದು ಆಲ್ಟರ್ನೇಟರಿನ ಹಾಡು. ಕಪ್ಪು ವೈರನ್ನು ಬಣ್ಣ ಕೆರೆದ ಗಟ್ಟಿ ಲೋಹಕ್ಕೆ ಬೋಲ್ಟ್ ಹಾಕಿ ಬಿಗಿದರೆ ಬಹುಮಟ್ಟಿಗೆ ನಿಲ್ಲುತ್ತದೆ.

ಹಳೇ ಸೆಟ್ಟನ್ನು ಗುಜರಿಗೆ ಹಾಕಬೇಡಿ, ರೇಡಿಯೊ ಇನ್ನೂ ಹಾಡುತ್ತದೆ. ಟ್ರ್ಯಾಕ್ಟರಿನದೂ 12 ವೋಲ್ಟ್, ಅದರ ಬಾಡಿಯೂ ಮೈನಸ್. ತಗಡಿನ ಡಬ್ಬಿ ಮಾಡಿಸಿ ಮಡ್‌ಗಾರ್ಡಿಗೆ ಬಿಗಿದು, ಫ್ಯೂಸಿನೊಂದಿಗೆ ಒಂದು ವೈರು ಬ್ಯಾಟರಿಗೆ, ಒಂದು ಬಾಡಿಗೆ ಕೊಟ್ಟರೆ ಮುಗಿಯಿತು. ಸ್ಪೀಕರ್ ಎಷ್ಟು, ಯಾವ ಗಾತ್ರದ್ದು ಎಂಬುದು ಈ ಕೈಪಿಡಿಯ ವ್ಯಾಪ್ತಿಗೆ ಬರುವುದಿಲ್ಲ. ಅದನ್ನು ಮಗ ಆಗಲೇ ತೀರ್ಮಾನಿಸಿ ಹಾಸನದ ಬಸ್ಸು ಹತ್ತಿದ್ದಾನೆ.