ಬಟವಾಡಿಯ ಹಾಯಿದೋಣಿ

ಬ್ಯಾಂಕಿನಿಂದ ನಿವೃತ್ತರಾದ ಮೇಲೆ ನಮ್ಮ ಭಾವ ತಾರಸಿಯಲ್ಲಿ ತರಕಾರಿ ಬೆಳೆಯುತ್ತಾರೆ, ಇಲ್ಲವೇ ಭಜನಾ ಮಂಡಳಿ ಸೇರುತ್ತಾರೆ ಎಂದು ತುಮಕೂರಿನ ಬಟವಾಡಿಯ ನಾವೆಲ್ಲ ತಿಳಿದಿದ್ದೆವು. ಅವರು ಶೆಡ್ಡಿನಿಂದ ಕಾರನ್ನು ಆಚೆಗೆ ಹಾಕಿ ದೋಣಿ ಕಟ್ಟಲು ಕೂತರು. ತುಮಕೂರು ಇರುವುದು ಸಮುದ್ರಮಟ್ಟದಿಂದ 800 ಮೀಟರಿಗೂ ಮೇಲೆ. "ಇದನ್ನ ಬಿಡೋದೆಲ್ಲಿ ಭಾವ?" ಎಂದೆ. "ಬಿ.ಎಚ್. ರೋಡು ಅಂದ್ರೆ ಬೆಂಗಳೂರು–ಹೊನ್ನಾವರ ರೋಡು ಕಣಯ್ಯ. ಗುಬ್ಬಿ, ತಿಪಟೂರು ದಾಟ್ಕೊಂಡು ಹೋಗ್ತಾ ಇದ್ರೆ ಕೊನೆಗೆ ಸಮುದ್ರಾನೇ!"

ಪುಟ್ಟ ದೋಣಿಗಳ ವಂಶಾವಳಿ ಅವರಿಗೆ ಬಾಯಿಪಾಠ. 1947ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಕ್ಲಾರ್ಕ್ ಮಿಲ್ಸ್ ಎಂಬಾತ ಮಕ್ಕಳಿಗೆಂದು ಎರಡೇ ಪ್ಲೈವುಡ್ ಹಾಳೆಯಲ್ಲಿ 'ಆಪ್ಟಿಮಿಸ್ಟ್' ಮಾಡಿದ. ಹಾಳೆ ಎಂಟಡಿ, ದೋಣಿ ಏಳು ಅಡಿ ಒಂಬತ್ತಂಗುಲ. ಎಷ್ಟು ಬಟ್ಟೆಯೋ ಅಷ್ಟೇ ಅಂಗಿ. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಹುಡುಗರು ಇದನ್ನೇ ಓಡಿಸಿ ಕಲಿಯುತ್ತಾರೆ. ಇಂಗ್ಲೆಂಡಿನಲ್ಲಿ 1963ರಲ್ಲಿ 'ಡೈಲಿ ಮಿರರ್' ಪತ್ರಿಕೆ ತನ್ನ ಹೆಸರಿನ ದೋಣಿಯನ್ನೇ ಹೊರತಂದಿತು. ಬಿಡಿ ಭಾಗಗಳನ್ನು ಮನೆಗೆ ತಂದು ಹೊಲಿದುಕೊಂಡರಾಯಿತು. ನಮ್ಮ ಪತ್ರಿಕೆಗಳು ಚಂದಾದಾರರಿಗೆ ಕ್ಯಾಲೆಂಡರಿನಾಚೆ ಯೋಚಿಸಿಯೇ ಇಲ್ಲ.

ಭಾವ ಹಿಡಿದದ್ದೂ ಇದೇ ದಾರಿ. ಹೊಲಿಯುವುದೆಂದರೆ ನಿಜಕ್ಕೂ ಹೊಲಿಗೆಯೇ. ಹಲಗೆಯ ಅಂಚಿಗೆ ಸಣ್ಣ ತೂತು ಕೊರೆದು, ತಾಮ್ರದ ತಂತಿ ಪೋಣಿಸಿ, ಕಟಿಂಗ್ ಪ್ಲೇಯರ್‌ನಿಂದ ತಿರುಚುತ್ತಾ ಹೋದಂತೆ ಚಪ್ಪಟೆ ಹಲಗೆಗಳು ಬಾಗಿ ಒಂದನ್ನೊಂದು ಅಪ್ಪಿಕೊಂಡು ದೋಣಿಯ ಮೈಯಾಗುತ್ತವೆ. ನೋಡುತ್ತಾ ನಿಂತರೆ ಹೊತ್ತು ಹೋದದ್ದು ತಿಳಿಯದು. ಆಮೇಲೆ ಸಂದಿಗೆ ಎಪಾಕ್ಸಿ ಅಂಟಿನಲ್ಲಿ ಕಲಸಿದ ನುಣ್ಣನೆ ಮರದ ಪುಡಿ ಮೆತ್ತಿ, ಮೇಲೆ ಫೈಬರ್‌ಗ್ಲಾಸ್ ಪಟ್ಟಿ ಅಂಟಿಸಬೇಕು. ತುಮಕೂರಿನ ಏಪ್ರಿಲ್ ಮಧ್ಯಾಹ್ನ ಈ ಅಂಟು ಡಬ್ಬಿಯಲ್ಲೇ ಬಿಸಿಯೇರಿ, ಹೊಗೆಯಾಡಿ, ಕಲ್ಲಾಗಿಬಿಡುತ್ತದೆ. ಅಕ್ಕನ ಎರಡು ಸ್ಟೀಲ್ ಬಟ್ಟಲು ಹಾಗೇ ಹೋದವು.

ನೆರವಿಗೆ ಬಂದ ಆಚಾರ್ರು ಐಎಸ್ 710 ಮುದ್ರೆಯ ಮರೈನ್ ಪ್ಲೈವುಡ್ ಸವರಿ ಮೆಚ್ಚಿದರು, ನಕ್ಷೆ ನೋಡಿ ಮುಖ ಸಿಂಡರಿಸಿದರು. "ಬಾಗ್ಲು ಮಾಡಿದೀನಿ, ಮಂಚ ಮಾಡಿದೀನಿ. ಇದ್ರಲ್ಲಿ ಮೂಲೆಮಟ್ಟ ಇಡೋಕೆ ಒಂದು ಮೂಲೇನೂ ಇಲ್ವಲ್ಲ ಸಾರ್!"

ದೋಣಿಯೇನೋ ಆಯಿತು. ನಿಜವಾದ ತೊಡಕು ನಮ್ಮ ಪಂಚಾಂಗದ್ದು. ಆಷಾಢದಲ್ಲಿ ನಮ್ಮ ಕಡೆ ಗಾಳಿ ಸೀರೆ ಪಂಚೆಗಳನ್ನು ಪಕ್ಕದ ಬೀದಿಗೆ ಒಯ್ಯುತ್ತದೆ. ಆಗ ಕೆರೆಗಳಲ್ಲಿ ಹಾಯಿ ಬಿಚ್ಚುವಷ್ಟು ನೀರಿರುವುದಿಲ್ಲ. ಕೆರೆ ತುಂಬುವುದು ಹೆಚ್ಚಾಗಿ ಭಾದ್ರಪದ, ಆಶ್ವಯುಜದ ಮಳೆಗೆ. ಅಷ್ಟರಲ್ಲಿ ಗಾಳಿ ಸತ್ತಿರುತ್ತದೆ. ಹಾಯಿದೋಣಿಗೆ ಇವೆರಡೂ ಏಕಕಾಲಕ್ಕೆ ಬೇಕು.

ನಾಲೆಯಲ್ಲಿ ಹೇಮಾವತಿ ನದಿಯ ನೀರು ಹರಿದ ವರ್ಷ ಗುಬ್ಬಿ ಕಡೆಯ ನೆಂಟರ ಊರಿನ ಕೆರೆಗೆ ಟೆಂಪೋದಲ್ಲಿ ಒಯ್ದೆವು. ಏರಿಯ ಮೇಲೆ ಊರೇ ನೆರೆದಿತ್ತು. ಎದುರುಗಾಳಿಗೆ ಹಾಯಿದೋಣಿ ನೇರ ಹೋಗದು. ಓರೆಯಾಗಿ ಅತ್ತ ಒಮ್ಮೆ, ಇತ್ತ ಒಮ್ಮೆ ಎಳೆಯುತ್ತಾ ಮುಂದೆ ಸಾಗಬೇಕು. ಭಾವ ಹಾಗೇ ಸಾಗುತ್ತಿದ್ದರೆ ದನ ಮೇಯಿಸುತ್ತಿದ್ದ ಅಜ್ಜ ಕೂಗಿದ: "ಯಾವ್ ಕಡೀಕ್ ಹೋಗ್ಬೇಕು ಅಂತ ಮೊದ್ಲು ಗಟ್ಟಿ ಮಾಡ್ಕೊಳಪ್ಪೋ!" ಅಕ್ಕ ಅಷ್ಟು ನಕ್ಕದ್ದನ್ನು ನಾನು ಕಂಡಿರಲಿಲ್ಲ. ಮುಂದಿನ ಸುತ್ತಿಗೆ ಅವಳೂ ಹತ್ತಿದಳು.

ಈಗ ಎರಡನೇ ದೋಣಿಯ ನಕ್ಷೆ ಊಟದ ಮೇಜಿನ ಮೇಲಿದೆ. ನಿಮ್ಮೂರ ಕೆರೆಯಲ್ಲಿ ನೀರೂ ಇದ್ದು, ಅದೇ ದಿನ ಗಾಳಿಯೂ ಇದ್ದರೆ ದಯವಿಟ್ಟು ಬಟವಾಡಿಗೆ ಹೇಳಿಕಳಿಸಿ. ಟೆಂಪೋ ಬಾಡಿಗೆ ನಮ್ಮದೇ. ಈಜು ಬಂದರೂ ಲೈಫ್ ಜಾಕೆಟ್ ಹಾಕಲೇಬೇಕು.