ಅನುದಾನ ವನಶಾಸ್ತ್ರ: ಹೊಸಬರಿಗೊಂದು ಕೈಪಿಡಿ

ಕೆರೆ ಏರಿಯ ಮೇಲೆ, ಶಾಲೆಯ ಹಿಂದೆ, ಸ್ಮಶಾನದ ಬೇಲಿಗುಂಟ ನಾಲ್ಕು ಮರ ಬೆಳೆಸೋಣವೆಂದಿದ್ದೇವೆ, ಸರ್ಕಾರದ ದುಡ್ಡು ಸಿಗುತ್ತದೆಯೇ ಎಂದು ಯುವಕ ಸಂಘಗಳು ಕೇಳುವುದುಂಟು. ಸಿಗುತ್ತದೆ. ಆದರೆ ಕೇಳುವವರು ಮರದಿಂದಲೇ ಮಾತು ಶುರು ಮಾಡುತ್ತಾರೆ. ಮೊದಲ ತಪ್ಪೇ ಅದು. ಸಸ್ಯಶಾಸ್ತ್ರದ ಪ್ರಕಾರ ಮರಕ್ಕಿರುವ ಭಾಗಗಳು ಬೇರು, ಕಾಂಡ, ಎಲೆ. ಅನುದಾನ ವನಶಾಸ್ತ್ರದ ಪ್ರಕಾರ ಗುಂಡಿ, ಫಲಕ, ಫೋಟೊ ಮತ್ತು ಹಣ ಬಳಕೆ ಪ್ರಮಾಣಪತ್ರ.

ಮೊದಲು ಋತುಮಾನ. ಹಿಂದಿನವರು ಮೃಗಶಿರಾ, ಆರಿದ್ರಾ ಮಳೆ ಕಾದು ಸಸಿ ನೆಡುತ್ತಿದ್ದರು. ಅನುದಾನಕ್ಕಿರುವುದು ಒಂದೇ ಮಳೆ. ಅದು ಮಾರ್ಚ್ ಕೊನೆಯ ವಾರ ಖಜಾನೆಯಲ್ಲಿ ಸುರಿಯುತ್ತದೆ. 31ರೊಳಗೆ ಖರ್ಚಾಗದ ಹಣ ವಾಪಸ್ಸು ಹೋಗುವುದರಿಂದ, ಸಸಿ ನೆಡಲು ಪ್ರಶಸ್ತ ಕಾಲ ಸುಡುಬೇಸಿಗೆ. 1950ರಲ್ಲಿ ವನಮಹೋತ್ಸವ ಆರಂಭಿಸಿದ ಕೇಂದ್ರ ಮಂತ್ರಿ ಕೆ.ಎಂ. ಮುನ್ಷಿ ಅದನ್ನು ಜುಲೈ ಮೊದಲ ವಾರಕ್ಕೆ ಇಟ್ಟರು. ಮಂತ್ರಿಯಾಗಿದ್ದೂ ಅವರು ಆಕಾಶ ನೋಡಿದರೇ ಹೊರತು ಹಣಕಾಸು ವರ್ಷ ನೋಡಲಿಲ್ಲ.

ಎರಡನೆಯದು ಗುಂಡಿ. ಎಸ್ಟಿಮೇಟಿನ ಪ್ರಾಣವೇ ಇದು. ಉದ್ದ, ಅಗಲ, ಆಳ ಅಳೆದು ಎಂ.ಬಿ. ಪುಸ್ತಕದಲ್ಲಿ ಬರೆಯಬಹುದು, ನೆರಳನ್ನು ಹಾಗೆ ಬರೆಯಲಾಗದು. ಮೇಲಾಗಿ ಗುಂಡಿ ಒಣಗುವುದಿಲ್ಲ, ಅದನ್ನು ಮೇಕೆ ತಿನ್ನುವುದಿಲ್ಲ. ಸಸಿ ಹೋದರೂ ಮುಂದಿನ ವರ್ಷದ ಕ್ರಿಯಾಯೋಜನೆಗೆ ಬಾಯ್ತೆರೆದು ಅಲ್ಲೇ ಕಾದಿರುತ್ತದೆ.

ಮೂರನೆಯದು ನೀರು. ಪ್ರಸ್ತಾವನೆಯಲ್ಲಿ ಇದರ ಸುದ್ದಿಯೇ ಬೇಡ. ಮೊದಲ ತಂಬಿಗೆ ನೀರನ್ನು ಮುಖ್ಯ ಅತಿಥಿಗಳು ಹೇಗೂ ಹಾಕುತ್ತಾರೆ. ಎರಡನೆಯ ತಂಬಿಗೆಯ ಫೋಟೊ ಇದುವರೆಗೆ ಯಾವ ಕಡತವೂ ಕೇಳಿಲ್ಲ.

ದೊಡ್ಡ ಮೊತ್ತದ ಆಸೆಯಿದ್ದವರು 'ಕಾಂಪಾ' ನಿಧಿಯ ತತ್ವ ಅರಿಯಬೇಕು. ಗಣಿಗೋ ಅಣೆಕಟ್ಟಿಗೋ ಅರಣ್ಯಭೂಮಿ ಪಡೆದವರು ಪರಿಹಾರವಾಗಿ ಕಟ್ಟುವ ಹಣ ಇದರಲ್ಲಿ ಸೇರುತ್ತದೆ. 2016ರಲ್ಲಿ ಇದಕ್ಕೆಂದೇ ಕಾಯ್ದೆ ಬಂತು. 2019ರ ಆಗಸ್ಟ್‌ನಲ್ಲಿ ಕೇಂದ್ರವು ರಾಜ್ಯಗಳಿಗೆ 47,000 ಕೋಟಿ ರೂಪಾಯಿಗೂ ಹೆಚ್ಚು ಹಂಚಿತು. ಅಂದರೆ ನೆಡಲು ಹಣ ಹುಟ್ಟಬೇಕಾದರೆ ಮೊದಲು ಕಾಡು ಹೋಗಬೇಕು. 1983ರಲ್ಲಿ ಶಿರಸಿ ಸೀಮೆಯ ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡು, ಕಡಿಯಬಂದವರನ್ನು ಬರಿಗೈಲಿ ಕಳಿಸಿದರು. ಇದರಿಂದ ಪರಿಹಾರ ನಿಧಿಗಾದ ನಷ್ಟವನ್ನು ಯಾರೂ ಲೆಕ್ಕ ಹಾಕಿದಂತಿಲ್ಲ.

ಶಾಸ್ತ್ರ ಮೀರಿದರೆ ಏನಾಗುತ್ತದೆಂಬುದಕ್ಕೆ ಮಾಗಡಿ ತಾಲ್ಲೂಕು ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕನವರ ಪ್ರಕರಣವಿದೆ. ಪ್ರಸ್ತಾವನೆಯಿಲ್ಲ, ಫಲಕವಿಲ್ಲ, ಗಂಡ ಹೆಂಡತಿ ಕೊಡದಲ್ಲಿ ನೀರು ಹೊತ್ತು ಕುದೂರಿನ ರಸ್ತೆಗೆ ಆಲದ ಸಾಲು ಬೆಳೆಸಿದರು. 385 ಮರ ನಿಂತವು. 2019ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ, ರಸ್ತೆ ಅಗಲ ಮಾಡಲು ಆ ಮರಗಳನ್ನು ಕಡಿಯಬೇಡಿ ಎಂದು ಮುಖ್ಯಮಂತ್ರಿಯವರ ಬಳಿಗೂ ಹೋಗಬೇಕಾಯಿತು. ಅನುದಾನದ ಸಸಿಗಳಿಗೆ ಈ ಗಂಡಾಂತರವಿಲ್ಲ. ರಸ್ತೆ ಅಗಲವಾಗುವ ಹೊತ್ತಿಗೆ ಅವು ಇರುವುದಿಲ್ಲ.

ಇನ್ನು ಒಂದು ಎಚ್ಚರಿಕೆ. 2011-12ರಲ್ಲಿ ರಾಜ್ಯದ ಅರಣ್ಯ ಇಲಾಖೆ ಶುರು ಮಾಡಿದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ ಎಲ್ಲರ ಕಣ್ತಪ್ಪಿಸಿ ಬಂದಂತಿದೆ. ಇಲಾಖೆಯ ನರ್ಸರಿಯಿಂದ ರಿಯಾಯಿತಿ ದರಕ್ಕೆ ಸಸಿ ಒಯ್ದು ನೆಟ್ಟ ರೈತನಿಗೆ, ಪರಿಷ್ಕೃತ ದರದಂತೆ, ಬದುಕಿದ ಪ್ರತಿ ಸಸಿಗೆ ಮೊದಲ ವರ್ಷ 35, ಎರಡನೆಯ ವರ್ಷ 40, ಮೂರನೆಯ ವರ್ಷ 50, ಒಟ್ಟು 125 ರೂಪಾಯಿ. ಬದುಕಿದ್ದಕ್ಕೆ ಮಾತ್ರ! ಗುಂಡಿ ಎಷ್ಟೇ ಚೆಂದವಿರಲಿ, ಸತ್ತ ಸಸಿಗೆ ಬಿಡಿಗಾಸಿಲ್ಲ. ಸಮಾರಂಭಕ್ಕೆ ಕಾಸಿಲ್ಲ. ಏಪ್ರಿಲ್ ತಿಂಗಳಲ್ಲಿ ರೈತ ಬಿಂದಿಗೆ ಹಿಡಿದು ಓಡಾಡುವ ಪರಿಸ್ಥಿತಿ ತಂದಿಟ್ಟಿದ್ದಾರೆ. ಇದೇ ಪದ್ಧತಿ ಗೋಮಾಳಕ್ಕೂ ಕೆರೆ ಏರಿಗೂ ಬಂದರೆ ನಮ್ಮ ಶಾಸ್ತ್ರವೇ ಮುಳುಗುತ್ತದೆ. ಪುಣ್ಯಕ್ಕೆ ಅರ್ಜಿಯ ಜೊತೆ ಪಹಣಿ ಲಗತ್ತಿಸಬೇಕು. ಕೆರೆ ಏರಿಯ ಪಹಣಿ ಯುವಕ ಸಂಘದ ಹೆಸರಿನಲ್ಲಿರುವುದಿಲ್ಲ. ಊರೊಟ್ಟಿನ ಮರ ಸದ್ಯಕ್ಕೆ ಈ ಅಪಾಯದಿಂದ ಪಾರಾಗಿದೆ.

ಇಷ್ಟು ಹೇಳಿದರೂ ನಮಗೆ ಮರವೇ ಬೇಕು ಎಂದು ಹಟ ಹಿಡಿಯುವ ಸಂಘಗಳು ಪ್ರಸ್ತಾವನೆಯ ಕೊನೆಗೆ ಸತ್ಯ ಒಪ್ಪಿಕೊಳ್ಳುವುದು ಕ್ಷೇಮ. 'ಸಂಭವನೀಯ ತೊಡಕುಗಳು' ಎಂಬ ಕಲಮಿನಡಿ 'ಕೆಲವು ಸಸಿಗಳು ಬದುಕುಳಿಯಬಹುದು' ಎಂದು ಬರೆದು ಕಾರ್ಯದರ್ಶಿ ಸಹಿ ಹಾಕಲಿ. ಹಾಗಾದಲ್ಲಿ ಆ ಗುಂಡಿಗೆ ಮುಂದಿನ ವರ್ಷ ಅನುದಾನ ಕೇಳುವಂತಿಲ್ಲ ಎಂಬುದು ಸರ್ವಸದಸ್ಯರ ಗಮನಕ್ಕೆ ಬಂದಿರಲಿ.